ಸ್ಕಾಟ್ಲೆಂಡಿನಿಂದ ಅಮೆರಿಕಕ್ಕೆ ಬಂದ ಗಂಡನ ಪೂರ್ವಜರ ಹಡಗು, ಕ್ಲ್ಯಾನ್ (ಕುಲ) ಪತ್ತೆ ಹಚ್ಚುವುದು ಹೇಗೆ?

ಹಡಗನ್ನೂ ಕ್ಲ್ಯಾನನ್ನೂ ಸದ್ಯಕ್ಕೆ ಬಿಡಿ ಮೇಡಂ. 1804ರ ಸುಮಾರಿಗೆ ನಾರ್ತ್ ಕೆರೊಲಿನಾಕ್ಕೆ ಬಂದವರು ಅಂದಿದ್ದೀರಿ. ನನ್ನ ಗಂಡನ ಕಡೆಯವರೂ ಅದೇ ಕೇಪ್ ಫಿಯರ್ ನದಿಯ ಸೀಮೆಯವರು, ಸ್ಕಾಟ್ಲೆಂಡಿನ ಆರ್ಗೈಲ್ ಸೀಮೆಯಿಂದ ಬಂದ ಹೈಲ್ಯಾಂಡರ್‌ಗಳು, ಅಂದರೆ ಗುಡ್ಡಗಾಡಿನವರು. ಅಮೆರಿಕ ಸರ್ಕಾರ ಹಡಗಿನ ಪ್ರಯಾಣಿಕರ ಪಟ್ಟಿ ತೆಗೆದುಕೊಳ್ಳಲು ಶುರು ಮಾಡಿದ್ದೇ 1820ರಲ್ಲಿ. ಅದಕ್ಕೂ ಹಿಂದಿನದು ಸಿಕ್ಕರೆ ಪುಣ್ಯ. ಕ್ಲ್ಯಾನ್ ಹೆಸರೂ ಅಷ್ಟೇ; ಒಕ್ಕಲುಗಳು ಒಡೆಯನ ಹೆಸರನ್ನೇ ಇಟ್ಟುಕೊಂಡದ್ದುಂಟು, ರಕ್ತಸಂಬಂಧ ಇರಲೇಬೇಕೆಂದಿಲ್ಲ.

ನಾನು ಎಡವಿದ್ದು ಎಲ್ಲಿ ಅಂತ ಹೇಳುತ್ತೇನೆ. ಹಾಗೆ ಬಂದ ನನ್ನ ಗಂಡನ ಪೂರ್ವಜ ಡಂಕನ್‌ನ ಸಮಾಧಿ ಕಲ್ಲಿನಲ್ಲಿ ಹುಟ್ಟಿದ ವರ್ಷವಿತ್ತು, ಊರಿರಲಿಲ್ಲ. ಸ್ಕಾಟ್ಲೆಂಡಿನ ಹಳೆಯ ದಾಖಲೆಗಳಿರುವ ಸ್ಕಾಟ್ಲೆಂಡ್ಸ್‌ಪೀಪಲ್ ಜಾಲತಾಣದ ಹಳೆಯ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರುಗಳ ಸೀಮೆ) ರಿಜಿಸ್ಟರಿನಲ್ಲಿ ಅದೇ ಹೆಸರು, ಅದೇ ವರ್ಷ, ಕಿಲ್‌ಮಾರ್ಟಿನ್ ಪ್ಯಾರಿಷ್. ಇವನೇ ಅಂದುಕೊಂಡೆ. ಅವನ ಅಪ್ಪ, ಅಜ್ಜ ಅಂತ ಮೇಲೇರುತ್ತಾ, ಒಂದೊಂದು ಪುಟ ತೆರೆಯಲೂ ದುಡ್ಡು ಕೊಟ್ಟು ಆ ಜಾಲತಾಣದ ಕ್ರೆಡಿಟ್ ಕೊಂಡು, ಕೊನೆಗೆ ವಂಶವೃಕ್ಷ ಅಚ್ಚು ಹಾಕಿಸಿ ನೆಂಟರಿಗೆಲ್ಲ ಹಂಚಿದೆ. ಆ ಹುಡುಗ ಊರು ಬಿಟ್ಟನೇ ಅಂತ ಮಾತ್ರ ನೋಡಲಿಲ್ಲ. 1851ರ ಜನಗಣತಿಯಲ್ಲಿ ಹುಟ್ಟಿದ ಪ್ಯಾರಿಷ್ ಬರೆದಿರುತ್ತಾರೆ. ಅದರಲ್ಲಿ ಅವನು ಅದೇ ಕಿಲ್‌ಮಾರ್ಟಿನ್‌ನಲ್ಲಿ ಮುದುಕನಾಗಿ ಬೇಸಾಯ ಮಾಡಿಕೊಂಡಿದ್ದ! ನಮ್ಮ ಡಂಕನ್ ಅಷ್ಟೊತ್ತಿಗೆ ಇಲ್ಲಿ ಅಮೆರಿಕದಲ್ಲಿ ತೀರಿಹೋಗಿದ್ದ. ಆ ಕಾಲದಲ್ಲಿ ಎಷ್ಟೋ ಮಕ್ಕಳ ಹೆಸರು ರಿಜಿಸ್ಟರಿಗೆ ಏರಲೇ ಇಲ್ಲ. ಹಾಗಾಗಿ ಸಿಕ್ಕಿದ ಒಬ್ಬನೇ ಡಂಕನ್ ನಮ್ಮವನೇ ಆಗಬೇಕಿಲ್ಲ. ನನ್ನ ಆ ತಪ್ಪು ಮರ ಈಗಲೂ ಯಾರ್ಯಾರದೋ ಆನ್‌ಲೈನ್ ವಂಶವೃಕ್ಷಗಳಿಗೆ ನಕಲಾಗುತ್ತಿದೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ದಾರಿ ತೋರಿಸಿದ್ದು ಅಮೆರಿಕದ ಕಡೆಯ ಕಾಗದ. ಡಂಕನ್‌ನ ಉಯಿಲಿನಲ್ಲಿ ‘ಜುರಾ ದ್ವೀಪದಲ್ಲಿರುವ ತಮ್ಮ ಆರ್ಚಿಬಾಲ್ಡ್’ ಅಂತ ಒಂದು ಸಾಲಿತ್ತು; ಜುರಾ ಇರುವುದು ಸ್ಕಾಟ್ಲೆಂಡಿನಲ್ಲಿ. ಹಡಗು ಹತ್ತದೆ ಉಳಿದ ಆ ತಮ್ಮ ಸತ್ತದ್ದು 1855ರ ನಂತರ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಆರಂಭವಾದದ್ದು 1855ರ ಜನವರಿ 1ರಂದು. ಮರಣದ ದಾಖಲೆಯಲ್ಲಿ ತಂದೆಯ ಹೆಸರು, ಕಸುಬು, ತಾಯಿಯ ತವರಿನ ಹೆಸರು ಎಲ್ಲ ಬರೆಸುತ್ತಿದ್ದರು. ಡಂಕನ್‌ನ ಹಿರಿಮಗನಿಗೂ ಎರಡನೇ ಮಗಳಿಗೂ ಇದ್ದದ್ದು ಆ ತಂದೆ-ತಾಯಿಯ ಹೆಸರುಗಳೇ. ನಾವು ಮೊಮ್ಮಗನಿಗೆ ತಾತನ ಹೆಸರಿಡುವ ಹಾಗೆ ಅವರಲ್ಲೂ ಅದು ಪದ್ಧತಿ.

ನೀವು ಮೊದಲು ಅಲ್ಲಿನ ಕೌಂಟಿಯ (ಜಿಲ್ಲೆಯ) ಉಯಿಲು, ಜಮೀನು ಪತ್ರ ತೆಗೆಸಿ. ಹಳೆಯ ಪ್ರೆಸ್ಬಿಟೇರಿಯನ್ ಚರ್ಚುಗಳ ಸ್ಮಶಾನಕ್ಕೆ ಹೋಗಿ ಅಣ್ಣತಮ್ಮಂದಿರ, ಅಕ್ಕಪಕ್ಕದ ಹೊಲದವರ ಕಲ್ಲುಗಳನ್ನೂ ಓದಿ. ಕೆಲವದರ ಮೇಲೆ ಹುಟ್ಟೂರು ಕೆತ್ತಿಸಿರುತ್ತಾರೆ. ಊರು ಬಿಡದೆ ಅಲ್ಲೇ ಉಳಿದ ಒಡಹುಟ್ಟಿದವರು ಯಾರಾದರೂ ಇದ್ದರೇ ಅಂತ ಹುಡುಕಿ. ಪ್ಯಾರಿಷ್ ಹೆಸರು ಕೈಗೆ ಬರುವ ತನಕ ಕ್ರೆಡಿಟ್‌ಗೆ ಒಂದು ಡಾಲರ್ ಕೂಡ ಸುರಿಯಬೇಡಿ.