ರೋಟರಿ ಎಂಜಿನ್ ಬೆಳಗ್ಗೆ ಮಾತ್ರ ಹೊಗೆ ಉಗುಳಿದರೆ ಟರ್ಬೊ ಬದಲಿಸಬೇಕೆ?

ರಾತ್ರಿಯಿಡೀ ನಿಂತ ಮಜ್ದಾ ಆರ್‌ಎಕ್ಸ್-7 ಬೆಳಗ್ಗೆ ಸ್ಟಾರ್ಟ್ ಆದಾಗ ಒಂದೆರಡು ನಿಮಿಷ ದಟ್ಟ ಹೊಗೆ ಬರುತ್ತದೆ, ಬಿಸಿಯಾದ ಮೇಲೆ ನಿಂತುಹೋಗುತ್ತದೆ, ಕಂಪ್ರೆಷನ್ (ಎಂಜಿನ್ ಒಳಗೆ ಗಾಳಿಯನ್ನು ಅದುಮುವ ಒತ್ತಡ) ಚೆನ್ನಾಗಿದೆ. ಹಾಗಾದರೆ ಜೋಡಿ ಟರ್ಬೊಗಳನ್ನು (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಪಂಪುಗಳನ್ನು) ರಿಪೇರಿ ಮಾಡಿಸಲೋ, ಅವನ್ನು ತೆಗೆದು ಒಂದೇ ದೊಡ್ಡ ಟರ್ಬೊ ಹಾಕಿಸಲೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡನ್ನೂ ಮಾಡಿಸಬೇಡಿ. ಇದೇ ಲಕ್ಷಣಗಳಿಗೆ ಇದೇ ತೀರ್ಮಾನ ಮಾಡಿ ನಾನು ಟರ್ಬೊಗಳಿಗೆ ಹಣ ಸುರಿದಿದ್ದೇನೆ.

ನಾನಿರುವುದು ಮೆಲ್ಬರ್ನ್‌ನಲ್ಲಿ. ನನ್ನದೂ ಎಫ್‌ಡಿ ಮಾದರಿಯ ಕಾರು. ಪಿಸ್ಟನ್ ಬದಲು ತಿರುಗುವ, 654 ಸಿಸಿಯ ಎರಡು ತ್ರಿಕೋನ ರೋಟರ್‌ಗಳ 13ಬಿ-ಆರ್‌ಇಡಬ್ಲ್ಯು ಎಂಜಿನ್. ಇಲ್ಲಿನ ಚಳಿಗಾಲದಲ್ಲಿ ಬೆಳಗ್ಗೆ ಎಲ್ಲರ ಕಾರಿನ ಸೈಲೆನ್ಸರ್‌ನಿಂದಲೂ ಆವಿ ಬರುವುದರಿಂದ ಮೊದಮೊದಲು ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬರಿಯ ಆವಿಯಾದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿಯಲ್ಲಿ ಕರಗುತ್ತದೆ. ನನ್ನ ಕಾರಿನದು ನೆಲದ ಮೇಲೆ ಗೇಟಿನವರೆಗೂ ಹರಡಿ ನಿಲ್ಲುತ್ತಿತ್ತು, ಅದಕ್ಕೊಂದು ಸಿಹಿ ವಾಸನೆಯೂ ಇತ್ತು. ಆದರೆ ನಾನು ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ ಬೆರೆಸುತ್ತಿದ್ದೆ. ಹೊಗೆಗೆ ಅದರಿಂದ ಬಂದ ತುಸು ನೀಲಿ ಛಾಯೆಯನ್ನು ನೋಡಿ, ಟರ್ಬೊ ಸೀಲಿನಿಂದಲೇ ಆಯಿಲ್ ಇಳಿಯುತ್ತಿದೆ ಎಂದು ನಂಬಿಬಿಟ್ಟೆ.

ವರ್ಕ್‌ಶಾಪಿನಲ್ಲಿ ಕಂಪ್ರೆಷನ್ ನೋಡಿದರು. ರೋಟರಿಗೆಂದೇ ಇರುವ ಮೀಟರ್ ಹಾಕಿ, ಒಂದೊಂದು ರೋಟರಿನ ಮೂರು ಮುಖಗಳನ್ನೂ ಬೇರೆ ಬೇರೆಯಾಗಿ ಅಳೆದರು. ಎಲ್ಲವೂ ಹೆಚ್ಚುಕಡಿಮೆ ಸಮನಾಗಿದ್ದವು. ಎಂಜಿನ್ ಗಟ್ಟಿಯಾಗಿದೆ, ಉಳಿದದ್ದು ಟರ್ಬೊ ಎಂಬ ಮಾತಿಗೆ ನಾನು ತಲೆಯಾಡಿಸಿದೆ. ಬಿಚ್ಚುವಾಗ ತುಕ್ಕು ಹಿಡಿದ ಸ್ಟಡ್‌ಗಳು ಮುರಿದವು, ಬಿಸಿಗೆ ಬಿರುಸಾಗಿದ್ದ ವ್ಯಾಕ್ಯೂಮ್ ಪೈಪುಗಳು ಕೈಯಲ್ಲೇ ಪುಡಿಯಾದವು. ಹೊಸ ಸೀಲುಗಳ ಟರ್ಬೊ ಕೂತ ಮೇಲೂ, ಮುಂದಿನ ಚಳಿಯ ಬೆಳಗ್ಗೆ ಅದೇ ಹೊಗೆ ಬಂತು.

ನಾನು ಎಡವಿದ್ದು ಕಂಪ್ರೆಷನ್ ಅಂಕಿಗಳನ್ನು ಎಂಜಿನ್ನಿನ ಆರೋಗ್ಯಪತ್ರವೆಂದು ತಿಳಿದಲ್ಲಿ. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವೂ ಅದೇ ಅಂಕಿಗಳನ್ನು ನಂಬಿದ್ದೀರಿ. ಕಂಪ್ರೆಷನ್ ಹಿಡಿದಿಡುವುದು ರೋಟರಿನ ಜೊತೆ ತಿರುಗುವ ಏಪೆಕ್ಸ್, ಸೈಡ್ ಮತ್ತು ಕಾರ್ನರ್ ಸೀಲುಗಳು, ಅಂದರೆ ತುದಿ, ಪಕ್ಕ ಮತ್ತು ಮೂಲೆಯ ಸೀಲುಗಳು. ಕೂಲಂಟ್ (ಎಂಜಿನ್ನನ್ನು ತಣ್ಣಗಿಡುವ ದ್ರವ) ಸೋರದಂತೆ ತಡೆಯುವ ಸೀಲ್ ಬೇರೆಯೇ. ಅದು ರೋಟರ್ ಹೌಸಿಂಗ್ (ರೋಟರ್ ತಿರುಗುವ ಕವಚ) ಮತ್ತು ಪಕ್ಕದ ಕಬ್ಬಿಣದ ಹೌಸಿಂಗ್ ನಡುವಿನ ತೋಡಿನಲ್ಲಿ ಅಲುಗಾಡದೆ ಕೂತಿರುವ ರಬ್ಬರ್ ಉಂಗುರ. ಒಳಗಿನ ಉರಿಯನ್ನೂ ಹೊರಗಿನ ಕೂಲಂಟನ್ನೂ ಬೇರೆಯಾಗಿಡುವುದಷ್ಟೇ ಅದರ ಕೆಲಸ. ಅದು ಕೂದಲೆಳೆಯಷ್ಟು ಬಿಟ್ಟರೂ ಕಂಪ್ರೆಷನ್ ಸರಿಯಾಗಿಯೇ ಇರಬಹುದು. ಎಂಜಿನ್ ಆಫ್ ಮಾಡಿದ ಮೇಲೆ ಚೇಂಬರಿನಲ್ಲಿ ಒತ್ತಡ ಉಳಿಯುವುದಿಲ್ಲ, ಆದರೆ ಬಿಸಿ ಕೂಲಂಟಿನಲ್ಲಿ ಅದರ ಮುಚ್ಚಳದ (ಕ್ಯಾಪಿನ) ಮಿತಿಯವರೆಗೆ, ಸುಮಾರು 0.9 ಬಾರ್ ಒತ್ತಡ ಇದ್ದೇ ಇರುತ್ತದೆ. ಅದು ಆ ಬಿರುಕಿನಿಂದ ಒಳಗೆ ಜಿನುಗಿ, ಬೆಳಗ್ಗೆ ಹೊಗೆಯಾಗಿ ಹೊರಬರುತ್ತದೆ. ಬಿಸಿಯೇರಿದಂತೆ ಲೋಹ ಹಿಗ್ಗಿ ಸಂದು ಮುಚ್ಚುತ್ತದೆ. ಇತ್ತ ಕಂಪ್ರೆಷನ್ ಪರೀಕ್ಷೆ ನಡೆಯುವುದು ಎಂಜಿನ್ ಬಿಸಿ ಇದ್ದಾಗಲೇ. ನಾನು ಕಾರನ್ನು ಓಡಿಸಿಕೊಂಡೇ ವರ್ಕ್‌ಶಾಪಿಗೆ ಹೋಗಿದ್ದರಿಂದ, ರೋಗ ಅಡಗಿದ ಹೊತ್ತಿನಲ್ಲೇ ಅಲ್ಲಿ ಎಲ್ಲವನ್ನೂ ಪರೀಕ್ಷಿಸಿದರು.

ಕಡೆಗೆ ಒಂದು ಬೆಳಗ್ಗೆ ನಾನೇ ಕೆಳಗಿನ ಸಾಲಿನ ಪ್ಲಗ್‌ಗಳನ್ನು, ಅಂದರೆ ಲೀಡಿಂಗ್ ಪ್ಲಗ್‌ಗಳನ್ನು ಬಿಚ್ಚಿದೆ. ಮುಂದಿನ ರೋಟರಿನದು ಎಂದಿನಂತೆ ಕಂದು ಬಣ್ಣಕ್ಕಿತ್ತು. ಹಿಂದಿನದು ತೊಳೆದಿಟ್ಟಂತೆ ಸ್ವಚ್ಛವಾಗಿ, ತುದಿಯಲ್ಲಿ ಒಂದು ಹಸಿರು ಕೂಲಂಟ್ ಹನಿ ಹೊತ್ತು ಬಂತು.

ನೀವೂ ಇಷ್ಟನ್ನು ಮಾಡಿ. ಸಂಜೆ ಕಾರನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ನಿಲ್ಲಿಸಿ, ಕ್ಯಾಪ್ ಮುಟ್ಟಬೇಡಿ. ಬೆಳಗ್ಗೆ ಸ್ಟಾರ್ಟ್ ಮಾಡದೆಯೇ ಲೀಡಿಂಗ್ ಪ್ಲಗ್‌ಗಳನ್ನು ಬಿಚ್ಚಿ, ಇಂಧನ ಮತ್ತು ಇಗ್ನಿಷನ್ ಎರಡನ್ನೂ ಕಡಿತಗೊಳಿಸಿ, ರಂಧ್ರಗಳ ಎದುರು ಬಿಳಿ ಕಾಗದ ಹಿಡಿಸಿ ಕ್ರ್ಯಾಂಕ್ ಮಾಡಿ, ಅಂದರೆ ಸ್ಟಾರ್ಟರ್‌ನಿಂದ ಎಂಜಿನ್ನನ್ನು ತಿರುಗಿಸಿ. ಕೂಲಂಟ್ ಚಿಮ್ಮಿದರೆ ಸೀಲ್ ಹೋಗಿದೆ. ಕಪ್ಪು ಆಯಿಲ್ ಧಾರಾಳವಾಗಿ ಚಿಮ್ಮಿದರೆ ರೋಟರಿನ ಆಯಿಲ್ ಕಂಟ್ರೋಲ್ ರಿಂಗ್‌ಗಳ ರಬ್ಬರ್ ಗಟ್ಟಿಯಾಗಿರಬಹುದು. ಸೀಲುಗಳು ಸವೆಯದಿರಲೆಂದು ಮೀಟರಿಂಗ್ ಪಂಪ್ ಬೇಕೆಂದೇ ಆಯಿಲ್ ಬಿಡುವುದರಿಂದ ತೆಳುವಾದ ಪಸೆಗೆ ಹೆದರಬೇಕಿಲ್ಲ. ರಂಧ್ರಗಳೆಲ್ಲ ಒಣಗಿದ್ದು, ಟರ್ಬೊದಿಂದ ಹೊಗೆ ಒಯ್ಯುವ ಡೌನ್‌ಪೈಪ್ ಕಳಚಿದಾಗ ಟರ್ಬೈನ್ ಕಡೆ ಆಯಿಲ್ ಒದ್ದೆಯಾಗಿ ಕಂಡರೆ ಮಾತ್ರ ಟರ್ಬೊದ ಮಾತು ಎತ್ತಬಹುದು. ಅಲ್ಲದೆ ಟರ್ಬೊ ಸೀಲಿನ ಹೊಗೆ ಸಾಮಾನ್ಯವಾಗಿ ಬೆಳಗಿಗಷ್ಟೇ ಸೀಮಿತವಲ್ಲ. ಬಿಸಿ ಎಂಜಿನ್ನನ್ನು ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಟ್ಟು ಆಕ್ಸಿಲರೇಟರ್ ಒತ್ತಿದಾಗಲೂ ನೀಲಿಯಾಗಿ ಬರುತ್ತದೆ.

ಹೊಗೆಯ ವಿಡಿಯೋ ತೆಗೆಯಲು ತಣ್ಣನೆಯ ಎಂಜಿನ್ನನ್ನು ಅರ್ಧ ನಿಮಿಷ ಓಡಿಸಿ ಆಫ್ ಮಾಡಿದ್ದಾಗಿ ಬರೆದಿದ್ದೀರಿ. ದಯವಿಟ್ಟು ಮತ್ತೆ ಹಾಗೆ ಮಾಡಬೇಡಿ. ತಣ್ಣಗಿರುವಾಗ ಈ ಎಂಜಿನ್‌ಗೆ ಪೆಟ್ರೋಲ್ ಹೆಚ್ಚಾಗಿ ಬೀಳುತ್ತದೆ, ನಡುವೆ ನಿಲ್ಲಿಸಿದರೆ ಫ್ಲಡ್ ಆಗಿ ಮತ್ತೆ ಸ್ಟಾರ್ಟ್ ಆಗುವುದೇ ಕಷ್ಟ. ಕೂಲಂಟ್ ಕಡಿಮೆಯಾಗಿ ಬಜರ್ ಕೂಗುವುದನ್ನು ನೀವು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನ್ನ ದೃಷ್ಟಿಯಲ್ಲಿ ಇಡೀ ಪ್ರಶ್ನೆಯ ತಿರುಳೇ ಆ ಸಾಲು.

ನನ್ನ ಎಂಜಿನ್ ಬಿಚ್ಚಿದಾಗ ಹಿಂದಿನ ಹೌಸಿಂಗಿನ ಸೀಲ್, ಪ್ಲಗ್‌ಗಳಿರುವ ಬಿಸಿ ಭಾಗದ ಹತ್ತಿರವೇ ಸುಟ್ಟು ತುಂಡಾಗಿತ್ತು. ಮೂಲ ಕಾರಣ ಅದಕ್ಕೂ ಹಿಂದಿನದು: ಕೂಲಂಟಿನಿಂದ ಗಾಳಿ ಬೇರ್ಪಡಿಸುವ ಪ್ಲಾಸ್ಟಿಕ್ ಟ್ಯಾಂಕ್ ಬಿರಿದು, ಎಂಜಿನ್ ಒಮ್ಮೆ ಅತಿಯಾಗಿ ಬಿಸಿಯಾಗಿತ್ತು. ಈ ಕಾರುಗಳಲ್ಲಿ ಆ ಟ್ಯಾಂಕ್ ಬಿರಿಯುವುದು ಎಲ್ಲರಿಗೂ ಗೊತ್ತಿರುವ ದೋಷ. ನಿಮ್ಮದು ಇನ್ನೂ ಪ್ಲಾಸ್ಟಿಕ್ಕಿನದೇ ಆಗಿದ್ದರೆ, ಈ ಪರೀಕ್ಷೆಯ ಫಲ ಏನೇ ಬಂದರೂ ಅಲ್ಯುಮಿನಿಯಂ ಟ್ಯಾಂಕ್ ಹಾಕಿಸಿ. ಕಾಗದದ ಮೇಲೆ ಕೂಲಂಟ್ ಬಿದ್ದರೆ ಕಾರನ್ನು ಓಡಿಸುವುದನ್ನು ಅಂದೇ ನಿಲ್ಲಿಸಿ. ಒಳಗೆ ನಿಂತ ನೀರು ಹೌಸಿಂಗುಗಳಿಗೆ ತುಕ್ಕು ಹಿಡಿಸುತ್ತದೆ, ಆಮೇಲೆ ಸೀಲುಗಳ ಜೊತೆ ಅವನ್ನೂ ಕೊಳ್ಳಬೇಕಾಗುತ್ತದೆ. ಟರ್ಬೊಗೆಂದು ಎತ್ತಿಟ್ಟ ಹಣವನ್ನು ಎಂಜಿನ್ ಬಿಚ್ಚಿಸಲು ಇಟ್ಟುಕೊಳ್ಳಿ.