“ಬೈಬಲ್ಲೇ ಗುಲಾಮಗಿರಿಯನ್ನು ಒಪ್ಪಿದೆ” ಎಂದವರಿಗೆ ಚರ್ಚಾಸ್ಪರ್ಧೆಯಲ್ಲಿ ಉತ್ತರ ಕೊಡಲಾಗದೆ ಸಿಕ್ಕಿಬಿದ್ದೆ, ಏನು ಹೇಳಲಿ?

ನೀವು ಸಿಕ್ಕಿಬಿದ್ದಿದ್ದು ಬಹುಶಃ ವಚನಕ್ಕೆ ವಚನ ಹುಡುಕಲು ಹೋಗಿ. ಅವರು “ದಾಸರೇ, ಯಜಮಾನರಿಗೆ ವಿಧೇಯರಾಗಿರಿ” ಅಂದರು, ನೀವು ಇನ್ನೊಂದು ಹುಡುಕಿದಿರಿ. ಹಾಗೆ ಮಾಡಿದರೆ ಮಾತು ಮುಗಿಯುವುದೇ ಇಲ್ಲ.

ಒಂದೇ ವಚನ ಇಟ್ಟುಕೊಳ್ಳಿ: ಬೈಬಲಿನ ವಿಮೋಚನಕಾಂಡ 21:16. ಮನುಷ್ಯನನ್ನು ಕದ್ದು ಮಾರಿದವನಿಗೆ ಮರಣದಂಡನೆ. ಆಫ್ರಿಕಾದಿಂದ ಜನರನ್ನು ಹಡಗಿಗೆ ತುಂಬಿದ ವ್ಯಾಪಾರದ ಬುಡದಲ್ಲೇ ಈ ಕಳ್ಳತನವಿತ್ತು, ಅಲ್ವಾ?

ಆಮೇಲೆ 1688ಕ್ಕೆ ಬನ್ನಿ. ಅಮೆರಿಕದ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಲ್ಲಿ ನಾಲ್ವರು ತಮ್ಮ ಕ್ವೇಕರ್ (ಒಂದು ಕ್ರೈಸ್ತ ಪಂಗಡ) ಸಭೆಗೆ ಗುಲಾಮಗಿರಿಯ ವಿರುದ್ಧ ಒಂದು ಮನವಿ ಬರೆದರು. ಅದರ ಸಾರ ಇಷ್ಟು: ಸಮುದ್ರದಲ್ಲಿ ಅಪರಿಚಿತ ಹಡಗು ಕಂಡರೆ ನಮ್ಮ ಎದೆ ನಡುಗುತ್ತದೆ, ತುರ್ಕರು ಹಿಡಿದು ಮಾರಿಬಿಟ್ಟಾರು ಅಂತ. ಹಾಗಿದ್ದ ಮೇಲೆ ನಾವು ಮಾಡುತ್ತಿರುವುದೇನು? ನಮಗೆ ಬೇಡವಾದದ್ದನ್ನು ಬಣ್ಣ, ಕುಲ ನೋಡಿ ಇನ್ನೊಬ್ಬರಿಗೆ ಮಾಡಬಹುದೇ? ಇದನ್ನು ನಿಧಾನವಾಗಿ ಹೇಳಿ. ನನಗೆ ಇದಕ್ಕಿಂತ ಗಟ್ಟಿ ವಾದ ಕಂಡಿಲ್ಲ.

ಹಕ್ಕಿನ ಮಾತನ್ನು ಕೊನೆಗೆ ಇಡಿ. ಸ್ವತಃ ಗುಲಾಮನಾಗಿದ್ದು ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1852ರ ಭಾಷಣದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಕಾನೂನುಗಳನ್ನೇ ತೋರಿಸಿದ. ಗುಲಾಮನಿಗೆ ಓದು ಬರಹ ಕಲಿಸಿದರೆ ದಂಡ, ಶಿಕ್ಷೆ. ದನಕ್ಕೆ ಅಕ್ಷರ ಕಲಿಸಬಾರದು ಅಂತ ಯಾರಾದರೂ ಕಾನೂನು ಮಾಡುತ್ತಾರಾ? ಗುಲಾಮ ಮನುಷ್ಯನೇ ಎಂದು ಯಜಮಾನರೇ ಒಪ್ಪಿದ ಹಾಗಾಯಿತು. ಮನುಷ್ಯ ಎಂದ ಮೇಲೆ ಅವನ ಮೈ ಅವನದೇ, ಯಾರೂ ಕೊಟ್ಟದ್ದಲ್ಲ.

ತೀರ್ಪುಗಾರರು ಧರ್ಮದ ಮಾತನ್ನು ಎಷ್ಟು ಒಪ್ಪುತ್ತಾರೋ ಹೇಳಲಾರೆ. ಸಮಯ ಕಡಿಮೆ ಇದ್ದರೆ ವಚನ ಬಿಡಿ, ಹಡಗು ಮತ್ತು ಡಗ್ಲಸ್ ಸಾಕು.