ಉದ್ಯೋಗ ಜಿಜ್ಞಾಸೆ: ನನಗೆ ಯಾವ ಕೆಲಸ ಬೇಕು?

ಪ್ರಶ್ನೆ: ನನಗೆ 27 ವರ್ಷ. ಗದಗ ಜಿಲ್ಲೆಯ ಒಣಬೇಸಾಯದ ಮನೆಯವಳು. ಭೌತಶಾಸ್ತ್ರ ಮತ್ತು ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ, ನಾಲ್ಕು ವರ್ಷದಿಂದ ಧಾರವಾಡದಲ್ಲಿ ಪಿ.ಜಿ. (ಪೇಯಿಂಗ್ ಗೆಸ್ಟ್) ವಸತಿಯಲ್ಲಿದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ, ಗ್ರಾಮ ಆಡಳಿತ ಅಧಿಕಾರಿ ಎಂದು ಕರೆದ ಹುದ್ದೆಗಳಿಗೆಲ್ಲ ಅರ್ಜಿ ಹಾಕಿದ್ದೇನೆ. ಎರಡು ಸಲ ಸ್ವಲ್ಪದರಲ್ಲೇ ತಪ್ಪಿತು. ಮೊನ್ನೆ ಅಣ್ಣ, ‘ಇದರಲ್ಲಿ ನಿನಗೆ ನಿಜವಾಗಿ ಬೇಕಾದದ್ದು ಯಾವುದು?’ ಎಂದು ಕೇಳಿದ. ‘ಯಾವುದಾದರೂ ಸರಿ, ಸರ್ಕಾರಿ ಆದರೆ ಸಾಕು’ ಎಂದೆ. ಅಂದಿನಿಂದ ಪುಸ್ತಕ ಹಿಡಿದರೂ ಅದೇ ಯೋಚನೆ. ರೀಡಿಂಗ್ ರೂಮಿನಲ್ಲಿ ಗೆಳತಿಯರು ಮೆಂಟಲ್ ಎಬಿಲಿಟಿ ಲೆಕ್ಕಗಳನ್ನು ನನ್ನ ಹತ್ತಿರ ತರುತ್ತಾರೆ. ದಿನದಲ್ಲಿ ಖುಷಿ ಅನ್ನಿಸುವುದು ಆ ಒಂದು ಹೊತ್ತು ಮಾತ್ರ. ಮನೆಯಲ್ಲಿ ಮದುವೆಯ ಮಾತು ಶುರುವಾಗಿದೆ. ನನಗೆ ಯಾವ ಕೆಲಸ ಬೇಕೆಂದು ತಿಳಿದುಕೊಳ್ಳುವುದು ಹೇಗೆ?
– ಹೆಸರು ಬೇಡ, ಧಾರವಾಡ

ಉತ್ತರ: ಅಣ್ಣನಿಗೆ ನೀವು ಕೊಟ್ಟ ಉತ್ತರ ತಪ್ಪೇನಲ್ಲ, ಆದರೆ ಅದು ಅವರು ಕೇಳದ ಪ್ರಶ್ನೆಗೆ ಕೊಟ್ಟ ಉತ್ತರ. ತಿಂಗಳಿಗೆ ಸರಿಯಾಗಿ ಬರುವ ಸಂಬಳ, ಯಾರೂ ಏಕಾಏಕಿ ಕಿತ್ತುಕೊಳ್ಳಲಾಗದ ಭದ್ರತೆ, ಮನೆಯಲ್ಲಿ ನಿಮ್ಮ ಮಾತಿಗೊಂದು ತೂಕ, ಮದುವೆಯ ವಿಷಯದಲ್ಲಿ ನಿಮ್ಮ ಇಚ್ಛೆಗೊಂದು ಬೆಲೆ, ಇವಿಷ್ಟೂ ‘ಸರ್ಕಾರಿ ಆದರೆ ಸಾಕು’ ಎಂಬ ಮಾತಿನೊಳಗೆ ಅಡಗಿವೆ; ಮಳೆಯನ್ನೇ ನಂಬಿದ ಮನೆಯಿಂದ ಬಂದವರು ಇವನ್ನು ಬಯಸುವುದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ನೀವು ಏನು ಮಾಡುತ್ತಿರಬೇಕು ಎಂಬುದನ್ನು ಆ ಮಾತು ಹೇಳುವುದಿಲ್ಲ. ಅಣ್ಣ ಕೇಳಿದ್ದು ಅದನ್ನು.

ನೀವು ಹೆಸರಿಸಿರುವ ಹುದ್ದೆಗಳಿಗೆ ಓದುವ ಪುಸ್ತಕಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಕೆಲಸವೂ ಹೆಚ್ಚುಕಡಿಮೆ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ವಾಸ್ತವದಲ್ಲಿ ಅವುಗಳ ನಡುವೆ ನಂಟೇ ಇಲ್ಲವೆನ್ನಬಹುದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮೇಜಿನ ಮುಂದೆ ಬೆಳಿಗ್ಗೆಯೇ ಇ-ಸ್ವತ್ತು (ಆಸ್ತಿ ದಾಖಲೆ) ಅರ್ಜಿ ಹಿಡಿದ ನಾಲ್ಕು ಜನ ನಿಂತಿರುತ್ತಾರೆ; ಅಷ್ಟರಲ್ಲಿ ಒಂದು ಓಣಿಯ ಕೊಳವೆಬಾವಿಯ ಮೋಟಾರು ಸುಟ್ಟಿತೆಂದು ಹೆಂಗಸರು ಕೊಡ ಹಿಡಿದು ಬರುತ್ತಾರೆ; ತಾಲ್ಲೂಕು ಪಂಚಾಯಿತಿಯಿಂದ ಕರ ವಸೂಲಿಯ ಲೆಕ್ಕ ಕೇಳಿ ಫೋನು ಬರುತ್ತದೆ; ಮಧ್ಯಾಹ್ನ ಇಬ್ಬರು ಸದಸ್ಯರು ಒಂದೇ ಚರಂಡಿಯ ವಿಷಯಕ್ಕೆ ಜಗಳವಾಡುತ್ತಾರೆ. ಇದನ್ನೆಲ್ಲ ಮಾತಿನಲ್ಲೇ ತೂಗಿಸಿಕೊಂಡು ಹೋಗುವವರಿಗೆ ಆ ಹುದ್ದೆ ಹೊಂದುತ್ತದೆ. ಗ್ರಾಮ ಆಡಳಿತ ಅಧಿಕಾರಿಯ ಪಾಲಿಗೆ ಬರುವುದು ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿಗಳ ಪರಿಶೀಲನೆ, ಪಹಣಿಗೆ ಸಂಬಂಧಿಸಿದ ವರದಿಗಳು, ಅತಿವೃಷ್ಟಿಯಾದರೆ ಕೆಸರಿನಲ್ಲಿ ಹೊಲಹೊಲ ತಿರುಗಿ ಬೆಳೆಹಾನಿ ಬರೆದುಕೊಳ್ಳುವುದು. ಪ್ರಥಮ ದರ್ಜೆ ಸಹಾಯಕರದು (ಎಫ್‌ಡಿಎ) ಬಹುತೇಕ ಕಡತದ ಬದುಕು: ಸಿಬ್ಬಂದಿ ಶಾಖೆಯಲ್ಲಾದರೆ ಸೇವಾ ಪುಸ್ತಕ, ವಾರ್ಷಿಕ ವೇತನ ಬಡ್ತಿ, ರಜೆ, ಟಿಪ್ಪಣಿ. ಪಿಎಸ್‌ಐಗೆ ಬಂದೋಬಸ್ತು, ರಾತ್ರಿ ಗಸ್ತು, ಪಂಚನಾಮೆ, ದೋಷಾರೋಪ ಪಟ್ಟಿ. ಕಾಗದದ ಜೊತೆ ಮೌನವಾಗಿ ಇರಬಯಸುವವರು ಪಂಚಾಯಿತಿಯಲ್ಲಿ ಆರು ತಿಂಗಳಿಗೇ ಸೋತುಹೋಗುತ್ತಾರೆ. ಜನರಿಲ್ಲದೆ ಇರಲಾರದವರು ಕಡತಗಳ ನಡುವೆ ಉಸಿರು ಕಟ್ಟಿದಂತಾಗುತ್ತಾರೆ. ಸಂಬಳದ ಶ್ರೇಣಿಯನ್ನು ನೋಡಿ ಹುದ್ದೆಗಳನ್ನು ಮೇಲೆ ಕೆಳಗೆ ಜೋಡಿಸುವ ಅಭ್ಯಾಸ ನಮ್ಮ ಕೋಚಿಂಗ್ ತರಗತಿಗಳಲ್ಲಿ ಬೇರೂರಿದೆ. ಆ ಜೋಡಣೆಯಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಆದ್ದರಿಂದ ಕೆಲವು ದಿನ ಓದನ್ನು ಬದಿಗಿಟ್ಟು, ಕೆಲಸಗಳನ್ನು ಕಣ್ಣಾರೆ ನೋಡಿ ಬನ್ನಿ. ಗ್ರಾಮಸಭೆ ಊರಿನ ಎಲ್ಲ ಮತದಾರರದು. ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ಹೋಗಿ, ವೇದಿಕೆಯ ಮೇಲಿರುವವರ ಜಾಗದಲ್ಲಿ ನಿಮ್ಮನ್ನು ಕೂರಿಸಿಕೊಂಡು ನೋಡಿ. ನಾಡಕಚೇರಿಯಲ್ಲಿ ಅರ್ಧ ದಿನ ಕಳೆಯಿರಿ. ನಿಮ್ಮ ಪಿ.ಜಿ.ಯಿಂದಲೇ ಹಿಂದಿನ ವರ್ಷಗಳಲ್ಲಿ ಆಯ್ಕೆಯಾಗಿ ಹೋದವರು ಇದ್ದೇ ಇರುತ್ತಾರೆ. ಅವರನ್ನು ‘ಕೆಲಸ ಹೇಗಿದೆ ಅಕ್ಕಾ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವಷ್ಟೇ ಸಿಕ್ಕೀತು. ಅದರ ಬದಲು, ನಿನ್ನೆ ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ಮಾಡಿದಿರಿ, ಯಾವ ಕೆಲಸವನ್ನು ನಾಳೆಗೆ ತಳ್ಳಿದಿರಿ, ಯಾವುದನ್ನು ಮಾಡುವಾಗ ಹೊತ್ತು ಹೋದದ್ದು ಗೊತ್ತಾಗಲಿಲ್ಲ ಎಂದು ಕೇಳಿ ಬರೆದುಕೊಳ್ಳಿ. ಮೂರು ನಾಲ್ಕು ಜನರ ದಿನಚರಿ ಕೈಗೆ ಬಂದಾಗ, ಯಾವುದನ್ನು ಓದುವಾಗ ಮನಸ್ಸು ಹಿಂಜರಿಯುತ್ತದೆ ಎಂಬುದು ನಿಮಗೇ ಗೊತ್ತಾಗುತ್ತದೆ. ಬೇಡದ್ದನ್ನು ಮೊದಲು ಕೈಬಿಡುವುದು ಸುಲಭ. ಅರ್ಜಿ ಶುಲ್ಕವೂ ಉಳಿಯುತ್ತದೆ.

ಇನ್ನು ಲೆಕ್ಕದ ವಿಷಯ. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಆ ಒಂದೇ ಸಾಲು. ಹಾಗೆಂದು ‘ನೀವು ಶಿಕ್ಷಕಿಯಾಗಬೇಕು’ ಎಂದು ಇಲ್ಲಿಂದಲೇ ತೀರ್ಪು ಕೊಡುವುದು ಅವಸರವಾದೀತು. ಕಲಿಯುವ ಹಸಿವಿನಿಂದ ಬಂದ ಗೆಳತಿಗೆ ರೈಲು-ವೇಗದ ಲೆಕ್ಕ ಬಿಡಿಸಿ ತೋರಿಸುವುದು ಒಂದು. ಲೆಕ್ಕವೆಂದರೆ ಮುಖ ತಿರುಗಿಸುವ ಎಂಟನೇ ತರಗತಿಯ ನಲವತ್ತು ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುವುದು ಮತ್ತೊಂದು. ನಿಮಗೆ ಖುಷಿ ಕೊಡುವುದು ವಿವರಿಸುವ ಕ್ರಿಯೆಯೋ, ಲೆಕ್ಕವೋ, ಅಥವಾ ದಿನವಿಡೀ ಒಂಟಿಯಾಗಿ ಓದಿದ ಮೇಲೆ ಸಿಗುವ ಮಾತುಕತೆಯೋ ಎಂಬುದು ಬೇರ್ಪಡಬೇಕು. ಸಂಜೆ ಎರಡು ಗಂಟೆ ಟ್ಯೂಷನ್ ತರಗತಿಯೊಂದರಲ್ಲಿ ಕಲಿಸಿ ನೋಡಿದರೆ ಒಂದು ಪರೀಕ್ಷೆಯ ಅವಧಿಯೊಳಗೆ ತಿಳಿಯುತ್ತದೆ, ಪಿ.ಜಿ.ಯ ಬಾಡಿಗೆಗೂ ಸ್ವಲ್ಪ ಒದಗುತ್ತದೆ. ಖುಷಿ ಅಲ್ಲೂ ಉಳಿದರೆ ಎರಡು ವರ್ಷದ ಬಿ.ಇಡಿ., ಶಿಕ್ಷಕರ ಅರ್ಹತಾ ಪರೀಕ್ಷೆ ಎಂಬ ದಾರಿಯಿದೆ. 2022ರಲ್ಲಿ ಆರರಿಂದ ಎಂಟನೇ ತರಗತಿಯ ಪದವೀಧರ ಶಿಕ್ಷಕರ 15,000 ಹುದ್ದೆಗಳಿಗೆ ಸರ್ಕಾರ ಅರ್ಜಿ ಕರೆದಿತ್ತು. ಲೆಕ್ಕ ಮಾತ್ರ ಇಷ್ಟ, ಮಕ್ಕಳ ಗದ್ದಲ ಆಗದು ಎಂದಾದರೆ ಬ್ಯಾಂಕಿನ ಕಡೆ ನೋಡಬಹುದು. ಬ್ಯಾಂಕ್ ಸಿಬ್ಬಂದಿ ಆಯ್ಕೆ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆ ತನ್ನ ವೇಳಾಪಟ್ಟಿಯನ್ನು ವರ್ಷದ ಆರಂಭದಲ್ಲೇ ಪ್ರಕಟಿಸುತ್ತದೆ, ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಸಾಮಾನ್ಯ ವರ್ಗಕ್ಕೆ ಗುಮಾಸ್ತ ಹುದ್ದೆಯ ವಯೋಮಿತಿ 28, ಅಧಿಕಾರಿ ಹುದ್ದೆಯದು 30 ಎಂಬುದನ್ನು ನೆನಪಿಡಿ. ಮೀಸಲಾತಿ ಇದ್ದರೆ ಸಡಿಲಿಕೆಯಿದೆ. ನಿಮ್ಮ ವಯಸ್ಸಿನಲ್ಲಿ ಈ ಬಾಗಿಲನ್ನು ‘ಆಮೇಲೆ ನೋಡೋಣ’ ಎಂದು ಬಿಡುವಂತಿಲ್ಲ.

ಕಾಯುವಿಕೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2021ರಲ್ಲಿ ಅಧಿಸೂಚನೆಯಾದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದಿಂದಾಗಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯನ್ನು 2024ರ ಆಗಸ್ಟ್‌ನಲ್ಲಿ ಬರೆದವರು ಪ್ರಶ್ನೆಪತ್ರಿಕೆಯ ದೋಷಗಳ ಕಾರಣ ಡಿಸೆಂಬರ್‌ನಲ್ಲಿ ಮತ್ತೆ ಬರೆಯಬೇಕಾಯಿತು. ಇದರಲ್ಲಿ ಪ್ರಾಮಾಣಿಕವಾಗಿ ಓದಿದವರ ತಪ್ಪು ಎಳ್ಳಷ್ಟೂ ಇಲ್ಲ. ಆದರೆ ಎಷ್ಟು ಕಾಲ ಕಾಯಬೇಕು ಎಂಬುದು ಅಭ್ಯರ್ಥಿಯ ಕೈಯಲ್ಲಿ ಇಲ್ಲವೆಂದ ಮೇಲೆ, ಎಷ್ಟು ಕಾಲ ಕಾಯುತ್ತೇನೆ ಎಂಬುದನ್ನಾದರೂ ಅಭ್ಯರ್ಥಿಯೇ ತೀರ್ಮಾನಿಸಬೇಕು. ನಿಮಗೆ ಹೊಂದುವ ಒಂದೆರಡು ಹುದ್ದೆಗಳನ್ನಷ್ಟೇ ಉಳಿಸಿಕೊಂಡು, ಒಂದು ದಿನಾಂಕ ಗೊತ್ತುಮಾಡಿ, ಅದನ್ನು ಅಣ್ಣನಿಗೆ ಈಗಲೇ ತಿಳಿಸಿಬಿಡಿ. ಮದುವೆಯ ಮಾತಿಗೂ ಅದು ಒಂದು ಗಡುವಾಗಿ ಒದಗುತ್ತದೆ. ‘ಇನ್ನೂ ಓದುತ್ತಿದ್ದೇನೆ’ ಎನ್ನುವುದಕ್ಕಿಂತ ‘ಇಂಥ ತಿಂಗಳವರೆಗೆ ಈ ಪರೀಕ್ಷೆ, ಆಮೇಲೆ ಬಿ.ಇಡಿ.’ ಎನ್ನುವ ಮಗಳ ಮಾತನ್ನು ಮನೆಯವರು ಹೆಚ್ಚು ಕೇಳಿಸಿಕೊಳ್ಳುತ್ತಾರೆ.

ಮನಸ್ಸಿನ ಆಳದಲ್ಲಿ ಎಲ್ಲೋ ಒಂದು ನಿಜವಾದ ಆಸಕ್ತಿ ಕುಳಿತಿದೆ, ಧ್ಯಾನಿಸಿದರೆ ಅದು ಕಾಣಿಸುತ್ತದೆ ಎಂದು ಭಾಷಣಕಾರರು ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಒಂದು ಕೆಲಸವನ್ನು ವರ್ಷ ಎರಡು ವರ್ಷ ಮಾಡಿ, ಅದು ಕೈಗೆ ಒಗ್ಗಿದ ಮೇಲೆ ಪ್ರೀತಿ ಹುಟ್ಟಿದವರೇ ನಾನು ಕಂಡಂತೆ ಹೆಚ್ಚು.

ಪ್ರಶ್ನೆ: ಮಗಳು ಎಸ್‌ಎಸ್‌ಎಲ್‌ಸಿಯಲ್ಲಿದ್ದಾಳೆ. ಮುಂದೆ ಏನು ಓದಬೇಕೆಂದು ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಬೆರಳಚ್ಚು ತೆಗೆದುಕೊಂಡು ಮಕ್ಕಳ ಹುಟ್ಟು ಪ್ರತಿಭೆಯನ್ನೂ ಸೂಕ್ತ ವೃತ್ತಿಯನ್ನೂ ಹೇಳುವ ಪರೀಕ್ಷೆಯೊಂದನ್ನು ಶಾಲೆಗೆ ಬಂದವರು ಪರಿಚಯಿಸಿದರು. ಮಾಡಿಸಬಹುದೇ?
– ಒಬ್ಬ ತಂದೆ, ಹಾಸನ

ಉತ್ತರ: ಬೇಡ. ಬೆರಳಿನ ಗೆರೆಗಳಿಗೂ ಬುದ್ಧಿಯ ಒಲವಿಗೂ ಸಂಬಂಧವಿದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಬಣ್ಣದ ವರದಿ ಕೊಡುವ ಹಸ್ತಸಾಮುದ್ರಿಕೆ ಎಂದು ತಿಳಿಯಿರಿ. ಪ್ರಶ್ನಾವಳಿಯ ಮೂಲಕ ಆಸಕ್ತಿಯನ್ನು ಅಳೆಯುವ ಪರೀಕ್ಷೆಗಳ ಮಾತು ಬೇರೆ. ಅವುಗಳಲ್ಲಿ ಅನೇಕವು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಿದ ವಿಚಾರವನ್ನು ಆಧರಿಸಿವೆ. ಕೈಕೆಲಸ, ಶೋಧನೆ, ಕಲೆ, ಜನರ ಒಡನಾಟ, ಮುಂದಾಳುತನ, ಕ್ರಮಬದ್ಧ ದಫ್ತರದ ಕೆಲಸ ಎಂಬ ಆರು ಒಲವುಗಳಲ್ಲಿ ಯಾವುದು ಹೆಚ್ಚೆಂದು ಅವು ತೋರಿಸುತ್ತವೆ. ಮಗಳೊಡನೆ ಮಾತು ತೆಗೆಯಲು ಅಷ್ಟು ಸಾಕು, ಆದರೆ ಸಾಮರ್ಥ್ಯವನ್ನು ಅವು ಅಳೆಯುವುದಿಲ್ಲ, ಮತ್ತು ಹದಿನೈದರ ಹುಡುಗಿಯ ಒಲವು ಹದಿನೆಂಟಕ್ಕೆ ಬದಲಾದರೆ ಆಶ್ಚರ್ಯವಿಲ್ಲ.

ಈಗ ನೀವು ತೀರ್ಮಾನಿಸಬೇಕಾದದ್ದು ವೃತ್ತಿಯನ್ನಲ್ಲ, ಯಾವ ಬಾಗಿಲು ತೆರೆದಿರಬೇಕು ಎಂಬುದನ್ನು. ಪಿಯುಸಿಯಲ್ಲಿ ಗಣಿತ ಬಿಟ್ಟರೆ ಎಂಜಿನಿಯರಿಂಗ್, ಜೀವಶಾಸ್ತ್ರ ಬಿಟ್ಟರೆ ವೈದ್ಯಕೀಯದ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ. ವಿಜ್ಞಾನ ಓದಿದವರು ಮುಂದೆ ವಾಣಿಜ್ಯ, ಕಲೆ, ಕಾನೂನಿನ ಕಡೆಗೆ ಹೊರಳಬಹುದು. ಆದರೆ ಬಾಗಿಲು ತೆರೆದಿರಲಿ ಎಂಬ ಒಂದೇ ಕಾರಣಕ್ಕೆ ವಿಜ್ಞಾನದಲ್ಲಿ ಮನಸ್ಸಿಲ್ಲದ ಮಗುವಿಗೆ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಹೊರಿಸಿದರೆ ಎರಡು ವರ್ಷದ ಕೊನೆಗೆ ಅಂಕವೂ ಇಲ್ಲ, ಆತ್ಮವಿಶ್ವಾಸವೂ ಇಲ್ಲ ಎಂದಾಗುತ್ತದೆ. ಕೈಯಿಂದ ಮಾಡಿ ಕಲಿಯುವ ಸ್ವಭಾವದವಳಾದರೆ ಪಾಲಿಟೆಕ್ನಿಕ್‌ನ ಮೂರು ವರ್ಷದ ಡಿಪ್ಲೊಮಾ ನೋಡಿ. ಅಲ್ಲಿಂದ ಡಿಪ್ಲೊಮಾ ಪಡೆದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಬಿ.ಇ.ಯ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಅದನ್ನು ದಡ್ಡರ ದಾರಿ ಎಂದು ಹೇಳುವ ಬಂಧುಗಳ ಮಾತಿಗೆ ಕಿವಿಗೊಡಬೇಡಿ.

ಪ್ರಶ್ನೆ: ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೇನೆ, ವಯಸ್ಸು 43. ವಕೀಲನಾಗಬೇಕೆಂಬ ಆಸೆ ಈಗ ಬಲವಾಗುತ್ತಿದೆ. ತಡವಾಯಿತೇ?
– ಓದುಗ, ಶಿವಮೊಗ್ಗ

ಉತ್ತರ: ವಯಸ್ಸಿಗಿಂತ ಮನೆಯ ಖರ್ಚಿನ ಲೆಕ್ಕ ಮುಖ್ಯ. ಪದವಿಯ ಮೇಲೆ ಎಲ್‌ಎಲ್‌ಬಿ ಮೂರು ವರ್ಷ. ಹಾಜರಾತಿ ಕಡ್ಡಾಯವಾದ್ದರಿಂದ ಹಗಲಿನ ನೌಕರಿಯೊಂದಿಗೆ ಅದು ಹೊಂದುವುದೇ ಎಂದು ಕಾಲೇಜಿನಲ್ಲಿ ಮೊದಲೇ ವಿಚಾರಿಸಿ. ಆಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ. ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿ ವೃತ್ತಿ ನಡೆಸುವಂತಿಲ್ಲ ಎಂಬುದು ವಕೀಲರ ಪರಿಷತ್ತಿನ ನಿಯಮ, ಆದ್ದರಿಂದ ಬ್ಯಾಂಕನ್ನು ಬಿಡುವ ದಿನ ಬಂದೇ ಬರುತ್ತದೆ. ಹಿರಿಯ ವಕೀಲರ ಕೈಕೆಳಗಿನ ಮೊದಲ ವರ್ಷಗಳಲ್ಲಿ ಆದಾಯ ಅತ್ಯಲ್ಪ. ಆ ಅವಧಿಗೆ ಸಾಕಾಗುವಷ್ಟು ಉಳಿತಾಯವಿದೆಯೇ ಎಂದು ಪತ್ನಿಯೊಡನೆ ಕುಳಿತು ಲೆಕ್ಕ ಹಾಕಿ.

ಅದಕ್ಕೂ ಮೊದಲು, ರಜೆ ಹಾಕಿ ಒಂದೆರಡು ದಿನ ಜಿಲ್ಲಾ ನ್ಯಾಯಾಲಯದ ಸಿವಿಲ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂರಿರಿ. ನ್ಯಾಯಾಲಯದ ಕಲಾಪ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತದೆ. ವಾದಕ್ಕಿಂತ ವಾಯಿದೆ ಹೆಚ್ಚು ಕಾಣಿಸುತ್ತದೆ. ಪ್ರಕರಣ ಕರೆಯುವುದನ್ನು ಕಾಯುತ್ತಾ ನಿಂತ ಕಕ್ಷಿದಾರನಿಗೆ ಇನ್ನೊಂದು ದಿನಾಂಕ ಬರೆದುಕೊಡುವ ವಕೀಲರ ಮುಖವನ್ನು ನೋಡಿಯೂ ನಿಮ್ಮ ಆಸೆ ಕುಂದದಿದ್ದರೆ, ಪ್ರವೇಶದ ಅರ್ಜಿ ತನ್ನಿ. ಸಾಲದ ದಾಖಲೆ, ಅಡಮಾನ ಪತ್ರ, ವಸೂಲಿ ದಾವೆಗಳ ಒಳಹೊರಗು ಬಲ್ಲ ನಿಮಗೆ ಸಹಕಾರ ಸಂಘಗಳ ವ್ಯಾಜ್ಯಗಳಲ್ಲಿ ಇಪ್ಪತ್ತೈದರ ಹುಡುಗರಿಗಿಂತ ಮೊದಲು ಕೆಲಸ ಸಿಗುವ ಸಂಭವವಿದೆ.